ತೀರ್ಪು ಬಂತು, ತುಕ್ಕು ಹಡಗು ಅಲ್ಲೇ ಇದೆ

ದಕ್ಷಿಣ ಚೀನಾ ಸಮುದ್ರದ ಹಕ್ಕಿನ ಜಗಳದಲ್ಲಿ 2016ರಲ್ಲಿ ತೀರ್ಪು ಫಿಲಿಪ್ಪೀನ್ಸ್ ಪರ ಬಂದರೂ ಚೀನಾ ಯಾಕೆ ಜಗ್ಗುತ್ತಿಲ್ಲ ಅಂತ ಕೇಳಿದ್ದೀರಿ. ತೀರ್ಪು ಕೊಟ್ಟ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಪೊಲೀಸರಿಲ್ಲ, ಅಷ್ಟೇ. ಹಾಗಾಗಿ ಆ ಸಮುದ್ರದಲ್ಲಿ ಕಾಗದಕ್ಕಿಂತ ಠಿಕಾಣಿ ಹೂಡುವುದಕ್ಕೇ ಬೆಲೆ ಜಾಸ್ತಿ.

ಸೆಕೆಂಡ್ ಥಾಮಸ್ ಎಂಬ ಹವಳದ ದಿಬ್ಬವನ್ನೇ ನೋಡಿ. ಎರಡನೇ ಮಹಾಯುದ್ಧ ಕಾಲದ ‘ಸಿಯೆರಾ ಮಾದ್ರೆ’ ಹಡಗನ್ನು ಫಿಲಿಪ್ಪೀನ್ಸ್ 1999ರಲ್ಲಿ ಬೇಕಂತಲೇ ಅದರ ಮೇಲೆ ಹತ್ತಿಸಿ ನಿಲ್ಲಿಸಿತು. ಮೈಯೆಲ್ಲ ತುಕ್ಕು, ಅಲ್ಲಲ್ಲಿ ತೂತು. ಆದರೂ ಒಳಗೆ ಒಂದಷ್ಟು ಸೈನಿಕರು ಸರದಿ ಮೇಲೆ ಇರುತ್ತಾರೆ. ಅವರಿಗೆ ಊಟದ ಸಾಮಾನು ಒಯ್ಯುವ ದೋಣಿಗಳ ಮೇಲೆ ಚೀನಾದ ಕರಾವಳಿ ಪಡೆ ಜಲಫಿರಂಗಿ ಹಾರಿಸಿದೆ. ಗುಂಡು ಹಾರಿಸಿದರೆ ಯುದ್ಧ, ನೀರು ಹಾರಿಸಿದರೆ ಬರೀ ಜಗಳ, ಅಲ್ವಾ! ಹತ್ತಿರದ ಮಿಸ್ಚೀಫ್ ದಿಬ್ಬದಲ್ಲಂತೂ ಚೀನಾ ಮರಳು ಸುರಿದು ರನ್‌ವೇಯನ್ನೇ ಕಟ್ಟಿಕೊಂಡಿದೆ.