ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತ 1991ರಲ್ಲಿ ಇದ್ದಕ್ಕಿದ್ದಂತೆ ಅಷ್ಟು ಜನಪ್ರಿಯವಾಗಿದ್ದು ಹೇಗೆ?

ಕೇಳುಗರು ಮೊದಲೇ ಇದ್ದರು, ಎಣಿಸುವ ರೀತಿ ಬದಲಾಯಿತು. ಅಲ್ಲಿಯವರೆಗೆ ಬಿಲ್‌ಬೋರ್ಡ್ ಎಂಬ ಸಂಗೀತ ಪತ್ರಿಕೆ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಚೆನ್ನಾಗಿ ಖರ್ಚಾಗುತ್ತಿದೆ ಎಂದು ಕೇಳಿ ಆಲ್ಬಂ ಪಟ್ಟಿ ತಯಾರಿಸುತ್ತಿತ್ತು. ಕೌಂಟರಿನವನಿಗೆ ರಾಕ್ ಇಷ್ಟವಿದ್ದರೆ ಉತ್ತರವೂ ಅತ್ತಲೇ ವಾಲುತ್ತಿತ್ತು. 1991ರ ಮೇ ತಿಂಗಳಿಂದ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆಯ ಲೆಕ್ಕ ಬಂತು: ಮಾರಾಟದ ವೇಳೆ ಸ್ಕ್ಯಾನ್ ಆದ ಬಾರ್‌ಕೋಡ್‌ಗಳ ಎಣಿಕೆ. ಕಂಟ್ರಿ ಆಲ್ಬಂಗಳು ಸರಸರನೆ ಮೇಲೇರಿದವು. ಸೆಪ್ಟೆಂಬರ್‌ನಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಅವರ 'ರೋಪಿನ್ ದ ವಿಂಡ್' ಪಟ್ಟಿಗೆ ಬಂದದ್ದೇ ಮೊದಲ ಸ್ಥಾನದಲ್ಲಿ. ಯಾವ ಕಂಟ್ರಿ ಆಲ್ಬಂಗೂ ಅದಕ್ಕೆ ಮುಂಚೆ ಹಾಗಾಗಿರಲಿಲ್ಲ.

ಹಾಗಂತ ಎಲ್ಲವೂ ಲೆಕ್ಕದ ಆಟವಲ್ಲ, ಸಂಗೀತವೂ ಮೊದಲಿನಿಂದಲೇ ಪಟ್ಟಣದತ್ತ ಸರಿಯುತ್ತಿತ್ತು. 1920ರ ದಶಕದಲ್ಲಿ ಈ ಸಂಗೀತಕ್ಕೆ 'ಹಿಲ್‌ಬಿಲಿ' ಎಂಬ ಹೆಸರಿತ್ತು, ಅಂದರೆ ಗುಡ್ಡಗಾಡಿನ ಗಮಾರ. 1949ರಲ್ಲಿ ಬಿಲ್‌ಬೋರ್ಡ್ ಅದನ್ನು 'ಕಂಟ್ರಿ ಅಂಡ್ ವೆಸ್ಟರ್ನ್' ಎಂದು ಕರೆಯಿತು. 1950ರ ದಶಕದ ಕೊನೆಯಲ್ಲಿ ರಾಕ್ ಅಂಡ್ ರೋಲ್ ಹೊಡೆತಕ್ಕೆ ಮಾರುಕಟ್ಟೆ ಕುಸಿದಾಗ, ಕಂಟ್ರಿಯ ಕೇಂದ್ರವಾದ ನ್ಯಾಶ್‌ವಿಲ್ ನಗರದ ಸಂಗೀತ ನಿರ್ಮಾಪಕರಾದ ಚೆಟ್ ಅಟ್ಕಿನ್ಸ್ ಮತ್ತು ಓವನ್ ಬ್ರಾಡ್ಲಿ ಫಿಡಲ್, ಸ್ಟೀಲ್ ಗಿಟಾರ್‌ಗಳನ್ನು ಹಿಂದಕ್ಕೆ ಸರಿಸಿ ಪಿಟೀಲುಗಳ ದೊಡ್ಡ ತಂಡ ಮತ್ತು ಕೋರಸ್ ತಂದರು. (ಫಿಡಲ್ ಎಂದರೂ ಪಿಟೀಲೇ. ಒಂಟಿಯಾಗಿದ್ದಾಗ ಹಳ್ಳಿಯದು, ಗುಂಪಾಗಿ ಬಂದಾಗ ಪಟ್ಟಣದ್ದು!) ಪಟ್ಟಣದ ರೇಡಿಯೊಗಳು ಒಪ್ಪಿದವು, ಹಳೆಯ ಅಭಿಮಾನಿಗಳು ಮುನಿಸಿಕೊಂಡರು. ಆ ಜಗಳ ಇನ್ನೂ ಮುಗಿದಿಲ್ಲ: 2019ರಲ್ಲಿ ರ‍್ಯಾಪ್ ಬೆರೆತ 'ಓಲ್ಡ್ ಟೌನ್ ರೋಡ್' ಹಾಡನ್ನು, ಅದರಲ್ಲಿ ಕಂಟ್ರಿ ಅಂಶ ಸಾಲದೆಂದು, ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಅದೇ ಹಾಡು ಎಲ್ಲ ಬಗೆಯ ಹಾಡುಗಳೂ ಸೇರುವ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ.