ಅರ್ಧ ತರಗತಿ ಒಂದೇ ಅಸೈನ್‌ಮೆಂಟ್ ತಂದುಕೊಟ್ಟರೆ ಏನು ಮಾಡಬೇಕು?

ನಿಮ್ಮ ಬಿ.ಕಾಂ. ತರಗತಿಯಲ್ಲಿ ಅರ್ಧ ಜನ ಜಿಎಸ್‌ಟಿ ಬಗ್ಗೆ ನೆಟ್‌ನಿಂದ ಎತ್ತಿದ ಒಂದೇ ಬರಹ ಕೊಟ್ಟಿದ್ದಾರೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಸೊನ್ನೆ ಕೊಡಬಹುದೇ ಎಂದು ಕೇಳಿದ್ದೀರಿ.

ಆ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ ಇರುವುದು ಸಂಶೋಧನಾ ಪ್ರಬಂಧ (ಥೀಸಿಸ್), ಡಿಸರ್ಟೇಶನ್, ಸಂಶೋಧನಾ ಲೇಖನಗಳಂಥವಕ್ಕೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆಗಳನ್ನು ಅದೇ ಹೊರಗಿಟ್ಟಿದೆ. ಎಲ್ಲರ ಬಾಯಲ್ಲೂ ಇರುವ, ಹೋಲಿಕೆ ಅಳೆಯುವ ಶೇ. 10, 40, 60ರ ಹಂತಗಳೂ ಇಂಥ ಸಂಶೋಧನಾ ಬರಹಗಳಿಗೇ ಸೇರಿದವು. ನಿಮಗೆ ಆಧಾರ ಕಾಲೇಜಿನ ಸ್ವಂತ ನಿಯಮ. ಅದಿಲ್ಲದಿದ್ದರೆ ಸೆಮಿಸ್ಟರ್ ಶುರುವಿನಲ್ಲಿ ನೀವು ಬರೆದುಕೊಟ್ಟದ್ದು. ಎರಡೂ ಇಲ್ಲವೆಂದಾದರೆ ಈ ಸಲ ಸೊನ್ನೆ ಹಾಕಬೇಡಿ, ಬೇರೆ ಪ್ರಶ್ನೆ ಕೊಟ್ಟು ಒಂದು ವಾರದಲ್ಲಿ ಮತ್ತೆ ಬರೆಸಿ. ಗೈಡ್‌ನಲ್ಲಿದ್ದದ್ದನ್ನು ಅಕ್ಷರಶಃ ಇಳಿಸಿದವರಿಗೇ ಪೂರ್ತಿ ಅಂಕ ಕೊಟ್ಟು ಇಲ್ಲಿವರೆಗೆ ತಂದಿದ್ದೇವೆ. ಹಾಗಾಗಿ ಇದು ತಪ್ಪೆಂದೇ ಅನೇಕರಿಗೆ ಗೊತ್ತಿರುವುದಿಲ್ಲ.

ಪತ್ತೆ ಮಾಡುವಾಗ ಸಾಫ್ಟ್‌ವೇರ್ ಕೊಡುವ ಹೋಲಿಕೆಯ ಶೇಕಡಾವಾರನ್ನು ತೀರ್ಪೆಂದು ಓದಬೇಡಿ. ಕಾಯ್ದೆಯ ಕಲಮನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದವನಿಗೂ ಅದು ನಕಲೆಂದು ಬಣ್ಣ ಬಳಿಯಬಹುದು. ಇನ್ನು ಕನ್ನಡ ಬರಹವನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಪೂರ್ತಿ ಕದ್ದಿದ್ದರೂ ಫಲಿತಾಂಶ ಶೂನ್ಯ ಬರಬಹುದು, ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಇಂಗ್ಲಿಷ್ ಪುಟವನ್ನು ಗೂಗಲ್ ಅನುವಾದಕ್ಕೆ ಹಾಕಿ ತೆಗೆದದ್ದೂ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಕಣ್ಣೇ ಗತಿ: ಸಾಲುಸಾಲಿಗೂ ‘ವಿಧಿಸಲ್ಪಡುತ್ತದೆ’, ‘ಪರಿಗಣಿಸಲ್ಪಟ್ಟಿದೆ’ ಎಂದಿದ್ದರೆ ಅನುಮಾನಿಸಿ. ಎಐ ಬರೆದದ್ದನ್ನು ಪತ್ತೆ ಮಾಡುವ ಸಾಧನಗಳನ್ನಂತೂ ಸಾಕ್ಷಿಯಾಗಿ ಬಳಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಮುಚ್ಚಿತು.

ಇದಕ್ಕಿಂತ ಗಟ್ಟಿ ಪರೀಕ್ಷೆ ಐದು ನಿಮಿಷದ ಮಾತು. ಒಬ್ಬೊಬ್ಬರನ್ನೇ ಕರೆದು ಅವರದೇ ಬರಹದ ಒಂದು ಸಾಲು ತೋರಿಸಿ, ‘ಇಲ್ಲಿ ಹೂಡುವಳಿ ತೆರಿಗೆ ಜಮೆ ಅಂತ ಬರೆದಿದ್ದೀಯಲ್ಲಪ್ಪಾ, ಒಂದು ಅಂಗಡಿ ಲೆಕ್ಕದಲ್ಲಿ ಹೇಳು’ ಎಂದು ಕೇಳಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು). ಇಬ್ಬರದು ಒಂದೇ ಥರ ಇದ್ದರೆ ಯಾರು ಕೊಟ್ಟವರು, ಯಾರು ಇಳಿಸಿದವರು ಎಂದು ಮೊದಲೇ ತೀರ್ಮಾನಿಸದೆ ಇಬ್ಬರಿಗೂ ಬೇರೆಬೇರೆಯಾಗಿ ಅವೇ ಮೂರು ಪ್ರಶ್ನೆ ಹಾಕಿ. ತರಗತಿಯ ಎದುರು ಹೆಸರು ಹಿಡಿದು ಬೈದರೆ ಕದ್ದ ವಿಷಯ ಅಲ್ಲಿಗೇ ಮರೆತು, ಅವಮಾನದ ಜಗಳ ಪ್ರಿನ್ಸಿಪಾಲರ ಕೋಣೆ ತಲುಪುತ್ತದೆ.

ನಿಜವಾದ ಪರಿಹಾರ ಪ್ರಶ್ನೆಯಲ್ಲಿದೆ. ‘ಜಿಎಸ್‌ಟಿ ಎಂದರೇನು, ವಿವರಿಸಿ’ ಎಂದು ಕೇಳಿದರೆ ನಕಲನ್ನು ನೀವೇ ಕರೆದಂತೆ. ಬದಲಿಗೆ ತಮ್ಮ ಬೀದಿಯ ಮೂರು ಅಂಗಡಿಯ ಬಿಲ್ ತಂದು ಅಂಟಿಸಿ ತೆರಿಗೆ ಬಿಡಿಸಲು ಹೇಳಿ. ರಾಜ್ಯದೊಳಗಿನ ಮಾರಾಟವಾದರೆ ಸಿಜಿಎಸ್‌ಟಿ (ಕೇಂದ್ರದ ತೆರಿಗೆ), ಎಸ್‌ಜಿಎಸ್‌ಟಿ (ರಾಜ್ಯದ ತೆರಿಗೆ) ಸಮಪಾಲು. ಹೊರರಾಜ್ಯದಿಂದ ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ). ಯಾರಿಗಾದರೂ ಕಾಂಪೊಸಿಷನ್ ಯೋಜನೆಯ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ವ್ಯವಸ್ಥೆ) ಅಂಗಡಿ ಸಿಗುತ್ತದೆ, ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇರುವುದಿಲ್ಲ. ಯಾಕೆಂದು ಅವನೇ ಬರೆಯಬೇಕು. ಒಂದು ವಾರ ಮೊದಲು ಬಿಲ್ಲಿನ ಫೋಟೊ ಮತ್ತು ಅರ್ಧ ಪುಟದ ಕರಡು ತರಿಸಿಕೊಳ್ಳಿ, ಕೊನೆಯ ರಾತ್ರಿಯ ಕಾಪಿ ಬಹುಪಾಲು ನಿಲ್ಲುತ್ತದೆ.

ಜೊತೆಗೆ ಒಂದು ಪೀರಿಯಡ್ ತೆಗೆದಿಟ್ಟು ಅಭ್ಯಾಸ ಮಾಡಿಸಿ: ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ತಮ್ಮ ಮಾತಿನಲ್ಲಿ ಬರೆದು, ಮತ್ತೆ ತೆರೆದು ಹೋಲಿಸಿ, ಮೂಲ ನಮೂದಿಸುವುದು. ಪುಸ್ತಕ ತೆರೆದಿಟ್ಟೇ ಬರೆದರೆ ನಾಲ್ಕು ಪದ ಬದಲಾಗುತ್ತವೆ, ವಾಕ್ಯದ ಎಲುಬು ಮಾತ್ರ ಹಾಗೇ ಉಳಿಯುತ್ತದೆ.

ಮುಂದಿನ ಸೆಮಿಸ್ಟರಿಗೆ ಮೊದಲ ದಿನವೇ ಬರೆದುಕೊಡಿ: ಮೊದಲ ಸಲವಾದರೆ ಹೊಸ ಪ್ರಶ್ನೆ ಮತ್ತು ಗರಿಷ್ಠ ಅರ್ಧ ಅಂಕ, ಎರಡನೆಯ ಸಲ ಸೊನ್ನೆ ಮತ್ತು ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಲಿಖಿತ ವರದಿ. ವರದಿಗೆ ಮೂಲ ಪುಟದ ಪ್ರಿಂಟ್, ಸಾಲು ಗುರುತಿಸಿದ ಅಸೈನ್‌ಮೆಂಟ್, ವಿದ್ಯಾರ್ಥಿ ಕೊಟ್ಟ ಉತ್ತರ ಮೂರನ್ನೂ ಲಗತ್ತಿಸಿ. ಪುಟ ನಾಳೆ ಬದಲಾಗಬಹುದು, ಪ್ರಿಂಟ್ ಮೇಲೆ ತಾರೀಖು ಹಾಕಲು ಮರೆಯಬೇಡಿ.