ಕಾಸರಗೋಡಿನ ಮಕ್ಕಳಿಗೆ ಪುಸ್ತಕ ಕಳಿಸ್ಬೇಕು ಅಂತ ಕೇಳಿದವರಿಗೆ

ಎಂತ ಪುಸ್ತಕ ಕಳಿಸ್ಬೇಕು ಅಂತ ಕೇಳಿದ್ರಲ್ಲ, ಕೇಳಿದ್ದೇ ಒಳ್ಳೇದಾಯ್ತು ಮಾರಾಯ್ರೆ. ಕೇಳದೆ ಕಳಿಸಿದವರ ಎರಡು ರಟ್ಟಿನ ಪೆಟ್ಟಿಗೆ ನಮ್ಮ ವಾಚನಾಲಯದಲ್ಲಿ ಇನ್ನೂ ಬಿದ್ಕೊಂಡಿದೆ, ಹಳೇ ಕೆಎಎಸ್ ಗೈಡು, ಕರ್ನಾಟಕದ ಎಸ್ಸೆಸ್ಸೆಲ್ಸಿ ಪ್ರಶ್ನೋತ್ತರ, ಒಂದು ಟೆಲಿಫೋನ್ ಡೈರೆಕ್ಟರಿ ಸಹ ಉಂಟು ಅದ್ರಲ್ಲಿ. ಕೊಟ್ಟವರು ಬ್ಯಾನರ್ ಹಿಡ್ಕೊಂಡು ಫೋಟೊ ತೆಗ್ಸಿ ಹೋದ್ರು.

ನಮ್ಮದು 1956ರಿಂದ ಕೇರಳ ಅಲ್ವಾ, ಶಾಲೆ ಕನ್ನಡದ್ದೇ ಆದ್ರೂ ಸಿಲೆಬಸ್ ಇಲ್ಲಿಯದ್ದು, ಪಾಠಪುಸ್ತಕವನ್ನು ಕೇರಳ ಸರಕಾರವೇ ಕನ್ನಡದಲ್ಲಿ ಪ್ರಿಂಟ್ ಮಾಡಿ ಕೊಡ್ತದೆ, ಪರೀಕ್ಷೆ ಓಣಂಗೆ ಒಂದು ಕ್ರಿಸ್ಮಸ್ಸಿಗೆ ಒಂದು. ಹಾಗಾಗಿ ಗಡಿಯ ತಲಪಾಡಿಯಿಂದ ಆಚೆಯ, ಅಂದ್ರೆ ಕರ್ನಾಟಕದ ಗೈಡು ಈಚೆಗೆ ನಡೆಯುದಿಲ್ಲ.

ಮತ್ತೆ ಕನ್ನಡ ಮೀಡಿಯಂ ಅಂದ ಕೂಡ್ಲೆ ಮನೇಲೂ ಕನ್ನಡವೇ ಅಂತ ಎಣಿಸ್ಬೇಡಿ. ಒಂದೇ ಬೆಂಚಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಮಲಯಾಳ ಎಲ್ಲ ಕೂತಿರ್ತದೆ. ನಾನು ಶನಿವಾರ ವಾಚನಾಲಯದಲ್ಲಿ ಸಣ್ಣವರನ್ನು ಕೂರಿಸಿ ಓದಿಸುದು, ಎರಡ್ನೇ ಕ್ಲಾಸಿನ ಒಬ್ಬ ಚಿತ್ರದ ಕೆಳಗೆ 'ಬೆಕ್ಕು' ಅಂತ ಇದ್ದದ್ದನ್ನು ಬೆರಳಿಟ್ಟು 'ಪುಚ್ಚೆ' ಅಂತ ಓದಿದ. ಎಷ್ಟು ಧೈರ್ಯದಲ್ಲಿ! ಅವ ಅಕ್ಷರ ನೋಡ್ಲೇ ಇಲ್ಲ, ಚಿತ್ರ ನೋಡಿ ತುಳುವಲ್ಲಿ ಹೇಳಿದ್ದು. ನಾನು ಚಿತ್ರಕ್ಕೆ ಕೈ ಅಡ್ಡ ಇಟ್ಟೆ. ಆಗ ಬೆ... ಬೆಕ್... ಅಂತ ಎಳೆದು ಎಳೆದು ಓದಿ, ಕೈ ಸರಿಸಿ ನೋಡಿ, 'ಓ, ಪುಚ್ಚೆಯೇ ಅಲ್ವಾ' ಅಂದ. ಪಕ್ಕದ ಮಲಯಾಳದ ಹುಡುಗಿ 'ಅಲ್ಲ, ಪೂಚ್ಚ' ಅಂತ ಜಗಳಕ್ಕೆ ಬಂದ್ಳು. ಇದಕ್ಕೆ ಪಕ್ಕ ಕೂತು ಅರ್ಧ ಗಂಟೆ ಕೊಡುವ ಒಂದು ಜನ ಬೇಕು, ಪೆಟ್ಟಿಗೆಗಟ್ಟಲೆ ಪುಸ್ತಕ ಅಲ್ಲ.

ಪುಸ್ತಕವೇ ಕೊಡುದಾದ್ರೆ ದೊಡ್ಡ ಅಕ್ಷರ, ಪೇಜಿಗೆ ಒಂದೆರಡು ಸಾಲು, ಚಿತ್ರ ಜಾಸ್ತಿ ಇರುವಂಥದ್ದು ಕೊಡಿ. ಮಕ್ಕಳ ಪುಸ್ತಕ ಮಾಡುವ ಪ್ರಥಮ್ ಬುಕ್ಸಿನವರದ್ದು ಆಗ್ತದೆ, ಮಗುವಿನ ಓದಿಗೆ ತಕ್ಕ ಹಾಗೆ ಲೆವೆಲ್ 1ರಿಂದ 4ರವರೆಗೆ ಇರ್ತದೆ. ಅವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡ ಕತೆಗಳು ಫ್ರೀಯಾಗಿ ಸಿಗ್ತದೆ, ನಾವು ಅದನ್ನೇ ಕಲರ್ ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡ್ಸುದು. ಹಣ ಕೊಡುವ ಮನಸ್ಸಿದ್ರೆ ಈ ಪ್ರಿಂಟು ಲ್ಯಾಮಿನೇಶನ್ನಿಗೆ ಕೊಡಿ, ಯಾಕಂದ್ರೆ ಇಲ್ಲಿಯ ಮಳೆಗಾಲದಲ್ಲಿ ಬರೀ ಕಾಗದ ಉಳಿಯುದಿಲ್ಲ. ದೊಡ್ಡ ಉಡುಗೊರೆ ಅಂತ ಗೋದ್ರೆಜ್ ಕಪಾಟಲ್ಲಿ ಬೀಗ ಹಾಕಿಟ್ಟ ಪುಸ್ತಕಗಳಿಗೆ ಆಗಸ್ಟಲ್ಲಿ ಬೂಸರು ಬಂದದ್ದನ್ನು ನಾನೇ ಒರೆಸಿದ್ದೇನೆ. ಹರಿದ್ರೂ ಅಡ್ಡಿಯಿಲ್ಲ, ಈಗ ಹಗ್ಗ ಕಟ್ಟಿ ಕ್ಲಿಪ್ಪಲ್ಲಿ ತೂಗಿಸಿದ್ದೇವೆ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ.

ವಾಚನಾಲಯಕ್ಕೆ ಕೇರಳದಲ್ಲಿ ಬರ ಇಲ್ಲ, ಇಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಪುಣ್ಯದಿಂದ ಊರೂರಲ್ಲಿ ಉಂಟು, ಅವರು ತೀರಿಕೊಂಡ ಜೂನ್ 19ಕ್ಕೆ ಶಾಲೆಗಳಲ್ಲಿ ವಾಚನ ದಿನ ಅಂತ ಗಮ್ಮತ್ತು ಸಹ ಮಾಡ್ತಾರೆ. ನಮ್ಮ ಕಪಾಟಲ್ಲಿ ಮಲಯಾಳದ್ದು ತುಂಬಾ, ಕನ್ನಡದಲ್ಲಿ ದೊಡ್ಡವರ ಕಾದಂಬರಿ ಸ್ವಲ್ಪ, ಏಳು ವರ್ಷದ ಮಗುವಿಗೆ ಆಗುವಂಥದ್ದು ಹುಡುಕಿದ್ರೂ ಇಲ್ಲ. ಅಷ್ಟೇ ಸಮಸ್ಯೆ.

ನೀವೇ ಬರುದಾದ್ರೆ ಶನಿವಾರ ಬನ್ನಿ, ತುಳು ಬರದಿದ್ರೂ ಆಗ್ತದೆ, ಮಕ್ಕಳೇ ಕಲಿಸ್ತಾರೆ. ಪಾರ್ಸೆಲ್ ಆದ್ರೆ ಮಂಗಳೂರುವರೆಗೆ ಬಸ್ಸಿಗೆ ಹಾಕಿ ಸಾಕು, ಅಲ್ಲಿಂದ ನಾವು ತರ್ತೇವೆ. ಜುಲೈಯಲ್ಲಿ ಮಾತ್ರ ಬೇಡ, ಬಸ್ಸಿನ ಟಾಪಲ್ಲಿ ಒದ್ದೆಯಾಗ್ತದೆ.